ಎತ್ತಿ ಕುಡಿದ ನೀರು

ವಡಾಲದ ನಮ್ಮ ಚಾಳಿನಲ್ಲಿ, ನೀರು ಕುಡಿಯುವುದನ್ನು ನಿಂತು ನೋಡಬೇಕು ಅನಿಸುವಂಥ ಮನುಷ್ಯ ಎಂದರೆ ಕೊರಗಪ್ಪ ಒಬ್ಬನೇ. ತಂಬಿಗೆಯನ್ನು ಹಣೆಗಿಂತ ಮೇಲಕ್ಕೆ ಎತ್ತುತ್ತಿದ್ದ, ತಲೆಯನ್ನು ತುಸು ಹಿಂದಕ್ಕೆ ವಾಲಿಸುತ್ತಿದ್ದ, ನೀರು ಒಂದೇ ಧಾರೆಯಾಗಿ ಗಂಟಲಿಗೆ ಇಳಿಯುತ್ತಿತ್ತು. ಗುಟುಕಿನ ಸದ್ದಿಲ್ಲ, ಅಂಗಿಯ ಮೇಲೆ ಒಂದು ಹನಿಯಿಲ್ಲ. ವಿಜಾಪುರದ ಕಡೆಯವರಾದ ನಾವೂ ಪರರ ಮನೆಯಲ್ಲಿ ಎತ್ತಿಯೇ ಕುಡಿಯುವವರು. ಆದರೆ ನಾನು ಎತ್ತಿ ಕುಡಿದರೆ ಅರ್ಧ ನೀರು ಸೆರಗಿನ ಪಾಲು. ನನ್ನ ಮನೆಯಲ್ಲಿ ಲೋಟಕ್ಕೆ ತುಟಿ ಹಚ್ಚಿ ಆರಾಮವಾಗಿ ಕುಡಿಯುತ್ತೇನೆ.

ಕೊರಗಪ್ಪನ ಮನೆಯಲ್ಲಿ ಆ ಆರಾಮವೂ ಇರಲಿಲ್ಲ. ನೀರಿರಲಿ, ಚಹಾ ಇರಲಿ, ಜ್ವರ ಬಂದಾಗ ಕುಡಿಸುವ ಗಂಜಿಯ ತಿಳಿ ಇರಲಿ, ಗಂಡ, ಹೆಂಡತಿ, ಮಗಳು ಮೂವರೂ ಎತ್ತಿಯೇ ಕುಡಿಯಬೇಕು. ಮಗಳು ತೊದಲುವ ವಯಸ್ಸಿನಲ್ಲಿದ್ದಾಗಲೇ ಮೋರಿಯ ಹತ್ತಿರ ಕೂರಿಸಿ, ಮೂಗಿಗೆ ನೀರು ಹೋಗಿ ಕೆಮ್ಮಿದರೂ ಬಿಡದೆ ಕಲಿಸಿದ್ದನಂತೆ. ಅವನ ಹೆಂಡತಿ ಮೋಹಿನಿ ಇದನ್ನು ನನಗೆ ಹೇಳಿದಾಗ, ಮಂಗಳೂರಿನ ಕಡೆಯವರ ಶಿಸ್ತೇ ಶಿಸ್ತು ಎಂದು ನಕ್ಕುಬಿಟ್ಟಿದ್ದೆ. ಅವನು ದಾದರಿನ ಒಂದು ಹೋಟೆಲಿನಲ್ಲಿ ಸಪ್ಲಾಯರ್. ಎಲ್ಲರೂ ಬಳಸುವ ಲೋಟಗಳ ನಡುವೆ ಬದುಕುವವನಿಗೆ ಎಂಜಲಿನ ಬಗ್ಗೆ ಅಷ್ಟು ಕಟ್ಟುನಿಟ್ಟು ಇರುವುದು ಸಹಜ ಎಂದುಕೊಂಡಿದ್ದೆ.

ನಾನು ಬರೆಯಲು ಕುಳಿತದ್ದು ಅವನ ಮಗಳು ಸೇವಂತಿಯ ಹಲ್ಲಿನ ಕಥೆ. ಆದರೆ ಆ ಹಲ್ಲು ಕೊನೆಗೆ ಈ ತಂಬಿಗೆಗೇ ಬಂದು ತಾಗಿತು, ಅದಕ್ಕೆ ಇದನ್ನು ಮೊದಲು ಹೇಳಿದೆ.

ಸೇವಂತಿಯ ಮೇಲಿನ ಮುಂದಿನ ಹಲ್ಲುಗಳು ಹೊರಕ್ಕೆ ಬಾಗಿದ್ದವು. ಬಾಯಿ ಮುಚ್ಚಿ ಕಚ್ಚಿದರೂ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವೆ ಸಂದು ಉಳಿಯುತ್ತಿತ್ತು. ಮಾತಾಡುವಾಗ ನಾಲಿಗೆ ಆ ಸಂದಿಯಿಂದ ಹೊರಗೆ ಇಣುಕುತ್ತಿತ್ತು. ಕೆಲವು ಅಕ್ಷರಗಳು ಒದ್ದೆಯಾಗಿ, ಮೊಂಡಾಗಿ ಬರುತ್ತಿದ್ದವು. ಅವಳು ಓದಿದ ಕನ್ನಡ ಶಾಲೆಯಲ್ಲಿ ಇನ್ಸ್‌ಪೆಕ್ಟರರು ಬಂದ ದಿನ, ಪದ್ಯ ಹೇಳುವ ಸಾಲಿನಲ್ಲಿ ನಿಂತಿದ್ದ ಅವಳಿಗೆ ಮಾಸ್ತರರು, ನೀನು ಬರೀ ತುಟಿ ಆಡಿಸು ಸಾಕು, ಎಂದರಂತೆ. ಅವತ್ತಿನಿಂದ ಅವಳ ಎಡಗೈ ಬಾಯಿಯ ಮುಂದೆಯೇ ಇರುತ್ತಿತ್ತು. ನಗು ಬಂದರೆ ಎರಡೂ ಕೈ. ಅಂಥ ಹುಡುಗಿಯ ಮನಸ್ಸಿನಲ್ಲಿದ್ದ ಆಸೆ ಮಾತ್ರ ಒಂದೇ: ಅದೇ ಕನ್ನಡ ಶಾಲೆಯಲ್ಲಿ ಟೀಚರಾಗಿ ಮಕ್ಕಳಿಗೆ ಪದ್ಯ ಹೇಳಿಕೊಡಬೇಕು.

ನಾನು ಅವರ ಪಕ್ಕದ ಖೋಲಿಯವಳು. ನನ್ನ ಯಜಮಾನರು ನೀಲಕಂಠಪ್ಪನವರು ಗೋದಿಯಲ್ಲಿ, ಅಂದರೆ ಹಡಗುಕಟ್ಟೆಯಲ್ಲಿ, ಕಾರಕೂನರು. ನಮಗೆ ಮಕ್ಕಳಿಲ್ಲ. ಸೇವಂತಿ ಶಾಲೆಯಿಂದ ಬಂದು ನಮ್ಮ ಬಾಗಿಲಲ್ಲಿ ಕೂತು, ಊರಿಂದ ಬರುತ್ತಿದ್ದ ವಾರಪತ್ರಿಕೆಯನ್ನು ನನಗೆ ಓದಿ ಹೇಳುತ್ತಿದ್ದಳು. ನನಗೆ ಓದು ಬರುತ್ತಿರಲಿಲ್ಲವೆಂದಲ್ಲ. ಅವಳು ಗಟ್ಟಿಯಾಗಿ ಓದುತ್ತಿದ್ದುದು ನನ್ನ ಮುಂದೆ ಮಾತ್ರ, ಅದಕ್ಕೆ ಬರುವುದಿಲ್ಲ ಎಂದೇ ನಟಿಸುತ್ತಿದ್ದೆ.

ಕೊರಗಪ್ಪನ ಹೋಟೆಲಿಗೆ ಊಟಕ್ಕೆ ಬರುತ್ತಿದ್ದವರಲ್ಲಿ ಡಾಕ್ಟರ್ ಗುಪ್ತೆ ಎಂಬ ಮರಾಠಿಯವರೊಬ್ಬರಿದ್ದರು. ವಿಲಾಯತಿಗೆ ಹೋಗಿ ಹಲ್ಲು ನೆಟ್ಟಗೆ ಮಾಡುವ ವಿದ್ಯೆ ಕಲಿತು ಬಂದು, ಹಲ್ಲಿನ ದವಾಖಾನೆಯೊಂದರಲ್ಲಿ ಹುಡುಗರಿಗೆ ಪಾಠ ಹೇಳುತ್ತಿದ್ದರು. ಕೊರಗಪ್ಪ ಒಂದು ದಿನ ಧೈರ್ಯ ಮಾಡಿ ಮಗಳ ವಿಷಯ ಎತ್ತಿದ. ಅವರು ಕರೆತರಲು ಹೇಳಿದರು, ಬಾಯಿ ನೋಡಿದರು, ಖುಷಿಪಟ್ಟರು. ಕಲಿಯುವ ಹುಡುಗರಿಗೆ ತೋರಿಸಲು ಇಂಥದೇ ಬಾಯಿ ಬೇಕಾಗಿತ್ತಂತೆ, ಪುಕ್ಕಟೆ ಮಾಡುತ್ತೇನೆ ಎಂದರು. ಬೇರೆಯವರ ದುಃಖ ನೋಡಿ ಖುಷಿಪಡುವ ಹಕ್ಕು ದೇವರು ಡಾಕ್ಟರರಿಗೆ ಮಾತ್ರ ಕೊಟ್ಟಿದ್ದಾನೆ.

ಹೀಗೆ ಸಾವಿರದ ಒಂಬೈನೂರ ಐವತ್ತನಾಲ್ಕರಲ್ಲಿ ಸೇವಂತಿಯ ಹಲ್ಲಿಗೆ ತಂತಿ ಬಿತ್ತು. ಆ ಕಾಲದಲ್ಲಿ ನಮ್ಮ ಚಾಳಿನಲ್ಲಿ ಯಾರೂ ಅಂಥದ್ದನ್ನು ಕಂಡಿರಲಿಲ್ಲ. ಒಬ್ಬಳು ಕುದುರೆಗೆ ಲಗಾಮು ಎಂದಳು. ಇನ್ನೊಬ್ಬಳು ಹುಡುಗಿ ಬಾಯಿಗೆ ಕಬ್ಬಿಣ ಹಾಕಿದರೆ ಗಂಡನ ಮನೆಗೆ ಆಗುವುದಿಲ್ಲ ಎಂದಳು. ನಲ್ಲಿಯ ಹತ್ತಿರ ಒಂದೆರಡು ಜಗಳ ನಾನೇ ಆಡಬೇಕಾಯಿತು, ಆಡಿದೆ. ತಂತಿ ಬಿಗಿದು ಬಂದ ದಿನಗಳಲ್ಲಿ ಅವಳಿಗೆ ಅನ್ನವೂ ಅಗಿಯಲು ಆಗುತ್ತಿರಲಿಲ್ಲ. ಗಂಜಿ ಕುಡಿದು, ದಿಂಬಿಗೆ ಕೆನ್ನೆ ಒತ್ತಿ ಮಲಗುತ್ತಿದ್ದಳು. ಒಂದು ದಿನವೂ ತಂತಿ ತೆಗೆಸಿ ಎನ್ನಲಿಲ್ಲ. ತಂತಿ ಇದ್ದಾಗಲೇ, ಶಾಲೆ ಮುಗಿಸಿ, ಮರುವರ್ಷದ ಜೂನಿನಲ್ಲಿ ಟೀಚರ್ ಟ್ರೈನಿಂಗಿನ ಸಂದರ್ಶನಕ್ಕೂ ಹೋಗಿ ಬಂದಳು. ಅಲ್ಲಿದ್ದ ಹಿರಿಯ ಟೀಚರಮ್ಮ ಒಂದು ಪುಟ ಗಟ್ಟಿಯಾಗಿ ಓದಿಸಿ, ಮಕ್ಕಳು ಟೀಚರ ಬಾಯಿಂದಲೇ ಅಕ್ಷರ ಕಲಿಯುವುದಮ್ಮ, ಬಾಯಿ ಸರಿಯಾದ ಮೇಲೆ ಬರುವ ವರ್ಷ ಬಾ, ಎಂದು ಕಳಿಸಿದರು.

ಅದಾದ ಸ್ವಲ್ಪ ದಿನಕ್ಕೆ, ಮಳೆಗಾಲ ಮುಗಿಯುವ ಹೊತ್ತಿಗೆ, ತಂತಿ ಬಿಚ್ಚಿದರು. ಆ ಸಂಜೆ ಸೇವಂತಿ ನಮ್ಮ ಬಾಗಿಲಿಗೆ ಬಂದು ನಿಂತಳು. ಕೈ ಬಾಯಿಯ ಮೇಲೆ ಇರಲಿಲ್ಲ. ನನಗೆ ಅಳು ಬಂತು. ಅಳುತ್ತಿರುವ ನನ್ನನ್ನು ನೋಡಿ ಅವಳು ನಕ್ಕಳು, ಆ ನಗು ಗ್ಯಾಲರಿಯ ಕೊನೆಯ ಖೋಲಿಯವರೆಗೂ ಕೇಳಿಸಿತು. ಅಷ್ಟು ದೊಡ್ಡ ನಗು ಆ ಹುಡುಗಿಯ ಒಳಗೆ ಇಷ್ಟು ವರ್ಷ ಎಲ್ಲಿ ಅಡಗಿತ್ತೋ.

ಡಾಕ್ಟರರು ಅವಳಿಗೆ ಒಂದು ಪ್ಲೇಟು ಮಾಡಿಕೊಟ್ಟಿದ್ದರು. ಅಂಗುಳಿನ ಆಕಾರಕ್ಕೆ ಎರಕ ಹೊಯ್ದ ಗುಲಾಬಿ ಬಣ್ಣದ ತುಂಡು, ಅದಕ್ಕೆ ಮುಂದಿನ ಹಲ್ಲನ್ನು ಹಿಡಿಯುವ ಸಣ್ಣ ತಂತಿ. ಊಟದ ಹೊತ್ತು ಬಿಟ್ಟು ಹಗಲು ರಾತ್ರಿ ಅದು ಬಾಯಲ್ಲಿರಬೇಕು. ಊಟಕ್ಕೆ ಕೂತಾಗ ಆ ಎಂಜಲು ವಸ್ತುವನ್ನು ಎಲ್ಲಿಡುವುದು ಎಂಬುದೇ ಕೊರಗಪ್ಪನ ಮನೆಯಲ್ಲಿ ದೊಡ್ಡ ಚಿಂತೆಯಾಯಿತು. ನನ್ನ ಹತ್ತಿರ ತವರಿನಿಂದ ತಂದ ಹಿತ್ತಾಳೆಯ ಕುಂಕುಮ ಭರಣಿ ಒಂದು ಖಾಲಿ ಬಿದ್ದಿತ್ತು, ಅದನ್ನು ಕೊಟ್ಟೆ. ಕುಂಕುಮ ಇಡುವುದರಲ್ಲಿ ಹಲ್ಲಿನ ತಂತಿಯಾ ಎಂದು ಮೋಹಿನಿ ಗಲ್ಲ ಬಡಿದುಕೊಂಡಳು. ಟೀಚರಾಗುವವಳಿಗೆ ಹಲ್ಲೂ ಕುಂಕುಮದಷ್ಟೇ ಭಾಗ್ಯ ಎಂದು ಬಾಯಿ ಮುಚ್ಚಿಸಿದೆ.

ಇನ್ನು ಮುಂದಿನ ಜೂನ್ ಬರುವುದೊಂದೇ ಬಾಕಿ ಎಂದುಕೊಂಡಿದ್ದೆವು. ಕೊರಗಪ್ಪನೂ ಅಷ್ಟಕ್ಕೇ ಒಪ್ಪಿದ್ದ. ಆ ಜೂನಿನಲ್ಲಿ ಆಗದಿದ್ದರೆ ಟ್ರೈನಿಂಗಿನ ಮಾತು ಬಿಟ್ಟು, ಭಾಂಡುಪಿನ ಕಾರ್ಖಾನೆಯೊಂದರಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸುವ ಕೆಲಸಕ್ಕೆ ಹೋಗಬೇಕು. ಮೋಹಿನಿಯ ತಂಗಿ ಅಲ್ಲೇ ಇದ್ದಳು, ಮಾತಾಡಿಯೂ ಇಟ್ಟಿದ್ದಳು.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಸೇವಂತಿ ಬಿಚ್ಚಿದ ಜಡೆಯಲ್ಲೇ ನಮ್ಮ ಮನೆಗೆ ಬಂದಳು. ಮುಖ ಬಿಳಿಚಿಕೊಂಡಿತ್ತು.

"ಯಾಕ, ಏನಾತು?" ಎಂದೆ.

"ಅಕ್ಕ, ರಿಬ್ಬನ್ ನಿಲ್ತಾ ಇಲ್ಲ."

ಜಡೆ ಹೆಣೆಯುವಾಗ ರಿಬ್ಬನ್ನಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುವುದು ಎಲ್ಲ ಹೆಣ್ಣುಮಕ್ಕಳ ರೂಢಿ. ತಂತಿ ಹಾಕಿಸುವ ಮೊದಲು ಅವಳಿಂದ ಅದು ಆಗುತ್ತಿರಲಿಲ್ಲ, ತಾಯಿ ಹಿಡಿದುಕೊಳ್ಳಬೇಕಿತ್ತು. ತಂತಿ ಬಿಚ್ಚಿದ ಮೇಲೆ ಅವಳು ಮೊದಲು ಕಲಿತ ಸುಖವೇ ಅದು. ಈಗ ನನ್ನ ಮುಂದೆ ಮತ್ತೆ ಕಚ್ಚಿದಳು, ಮೆಲ್ಲನೆ ಎಳೆದಳು. ರಿಬ್ಬನ್ ಹಲ್ಲಿನ ನಡುವಿನಿಂದ ಸಲೀಸಾಗಿ ಜಾರಿ ಬಂತು. ನಾವಿಬ್ಬರೂ ಅದನ್ನು ನೋಡುತ್ತಾ ಕೂತೆವು.

ಡಾಕ್ಟರ್ ಗುಪ್ತೆ ಹಲ್ಲಿಗಿಂತ ನಾಲಿಗೆಯನ್ನೇ ಹೆಚ್ಚು ಹೊತ್ತು ನೋಡಿದರಂತೆ. ಮನುಷ್ಯ ಏನನ್ನು ನುಂಗಿದರೂ, ಉಗುಳನ್ನೇ ನುಂಗಿದರೂ, ನಾಲಿಗೆ ಮೇಲಕ್ಕೆ ಹೋಗಿ ಅಂಗುಳನ್ನು ಒತ್ತಬೇಕು. ಇವಳ ನಾಲಿಗೆ ಮುಂದಕ್ಕೆ ಹೋಗಿ ಹಲ್ಲನ್ನು ದೂಡುತ್ತಿತ್ತು. ದಿನವಿಡೀ ದೂಡಿದರೆ ಗೋಡೆಯೂ ವಾಲುತ್ತದೆ, ಹಲ್ಲು ಎಷ್ಟರದು. ಎಲುಬಿಲ್ಲದ ನಾಲಿಗೆ ಎಂದು ನಾವು ಸುಮ್ಮನೆ ಬೈಯುತ್ತೇವೆ, ಅದರ ಬಲ ಎಷ್ಟೆಂದು ನನಗೆ ಆಗ ತಿಳಿಯಿತು.

ಅವರು ಒಂದು ಅಭ್ಯಾಸ ಹೇಳಿಕೊಟ್ಟರು. ಒಂದು ಪೆಪ್ಪರ್‌ಮಿಂಟನ್ನು ನಾಲಿಗೆಯ ತುದಿಯಲ್ಲಿಟ್ಟು ಮೇಲಿನ ಹಲ್ಲುಗಳ ಹಿಂದೆ ಅಂಗುಳಿಗೆ ಒತ್ತಿ ಹಿಡಿಯಬೇಕು. ಹಲ್ಲು ಕಚ್ಚಿ, ತುಟಿ ಮುಚ್ಚಿ, ನಾಲಿಗೆಯನ್ನು ಅಲ್ಲಿಂದ ಕದಲಿಸದೆ ನುಂಗಬೇಕು. ಕೇಳಲು ಸುಲಭ. ನಾನೂ ಜೊತೆಗೆ ಕೂತು ಮಾಡಲು ಹೋಗಿ ಪೆಪ್ಪರ್‌ಮಿಂಟನ್ನೇ ನುಂಗಿಬಿಟ್ಟೆ. ಸೇವಂತಿ ನಗಲಿಲ್ಲ. ಅಕ್ಕಿ ಆರಿಸುವಾಗ, ಬಟ್ಟೆ ಒಣಹಾಕುವಾಗ, ನಲ್ಲಿಯ ಸಾಲಿನಲ್ಲಿ ನಿಂತಾಗ, ಅವಳ ತುಟಿ ಬಿಗಿದಿರುತ್ತಿತ್ತು, ಗಂಟಲು ಮಾತ್ರ ಮೇಲೆ ಕೆಳಗೆ ಆಡುತ್ತಿತ್ತು. ನೋಡಿದವರು ಹುಡುಗಿಗೆ ಯಾರ ಮೇಲೆ ಸಿಟ್ಟು ಎಂದು ಕೇಳುತ್ತಿದ್ದರು. ರಾತ್ರಿ ನಿದ್ದೆಯಲ್ಲಿ ನಾಲಿಗೆ ಏನು ಮಾಡುತ್ತದೋ ಎಂಬ ಹೆದರಿಕೆಗೆ, ಗಲ್ಲಕ್ಕೆ ಬಟ್ಟೆ ಕಟ್ಟಿಕೊಂಡು ಮಲಗಿದ್ದೂ ಉಂಟು.

ಇಷ್ಟಾದರೂ ಬೇಸಿಗೆ ಬರುವ ಹೊತ್ತಿಗೆ ಸಂದು ಇನ್ನಷ್ಟು ಅಗಲವಾಗಿತ್ತು. ಹೊಳೆಯಲ್ಲಿ ಹುಣಸೇಹಣ್ಣು ಕಿವುಚಿದ ಹಾಗೆ. ವಾರಪತ್ರಿಕೆ ಓದುವಾಗ ನಾಲಿಗೆ ಮತ್ತೆ ಇಣುಕತೊಡಗಿತು, ಎಡಗೈ ಮತ್ತೆ ಬಾಯಿಯ ಮುಂದೆ ಬಂತು. ಡಾಕ್ಟರರಿಗೂ ತಾಳ್ಮೆ ತಪ್ಪಿತು. ಹೇಳಿದ ಹಾಗೆ ಮಾಡಿದ್ದರೆ ಹೀಗಾಗಲು ಸಾಧ್ಯವೇ ಇಲ್ಲ, ಅಭ್ಯಾಸ ಮಾಡುವುದಿಲ್ಲ, ಪ್ಲೇಟನ್ನೂ ಹಾಕುವುದಿಲ್ಲ, ಇಲ್ಲಿ ಬಂದು ಸುಳ್ಳು ಹೇಳುತ್ತಾಳೆ ಎಂದು ಕಲಿಯುವ ಹುಡುಗರ ಮುಂದೆಯೇ ಅಂದುಬಿಟ್ಟರು. ಅವಳು ಲೋಕಲ್ ರೈಲಿನಲ್ಲಿ ಅತ್ತುಕೊಂಡೇ ಬಂದಳು. ಅದಕ್ಕಿಂತ ಹೆಚ್ಚಿನ ನೋವು ಮನೆಯಲ್ಲಿ ಕಾದಿತ್ತು. ಕೊರಗಪ್ಪ ಮಗಳನ್ನು ಎದುರು ಕೂರಿಸಿಕೊಂಡು, "ಡಾಕ್ಟರು ಸುಳ್ಳು ಹೇಳ್ತಾರಾ ಮಗಾ?" ಎಂದು ಕೇಳಿದ.

ಈ ಮಾತು ಗೋಡೆಯಾಚೆಯಿಂದ ನನಗೆ ಕೇಳಿಸಿತು. ನನ್ನ ಮೈ ಉರಿದುಹೋಯಿತು. ಆ ಹುಡುಗಿ ಎಷ್ಟು ಕಷ್ಟಪಡುತ್ತಿದ್ದಾಳೆಂದು ಕಣ್ಣಾರೆ ಕಂಡವಳು ನಾನು. ಮುಂದಿನ ಸಲ ನಾನೂ ಬರುತ್ತೇನೆ, ಆ ಡಾಕ್ಟರನನ್ನು ವಿಚಾರಿಸಿಕೊಳ್ಳುತ್ತೇನೆ ಎಂದೆ.

ಮೇ ತಿಂಗಳ ಬಿಸಿಲು. ದವಾಖಾನೆ ಮುಟ್ಟುವಷ್ಟರಲ್ಲಿ ಇಬ್ಬರಿಗೂ ನಾಲಿಗೆ ಒಣಗಿತ್ತು. ನನ್ನ ಹಿಂದಿ ಎಂದರೆ ಅರ್ಧ ಮರಾಠಿ, ಅರ್ಧ ಸಿಟ್ಟು. ಅದರಲ್ಲೇ ಡಾಕ್ಟರರಿಗೆ ಕುಂಕುಮ ಭರಣಿಯಿಂದ ಗಲ್ಲಕ್ಕೆ ಕಟ್ಟಿದ ಬಟ್ಟೆಯವರೆಗೆ ಎಲ್ಲವನ್ನೂ ಹೇಳಿದೆ. ಅವರು ಕಾಗದದ ಮೇಲೆ ಏನೋ ಬರೆಯುತ್ತಾ ಕೇಳಿಸಿಕೊಳ್ಳುತ್ತಿದ್ದರು, ನಂಬಿದ ಹಾಗೆ ಕಾಣಲಿಲ್ಲ. ಸೇವಂತಿ ತಲೆ ತಗ್ಗಿಸಿ ಕೂತಿದ್ದಳು. ಅವಳ ಮುಖ ನೋಡಿ, ಜಗಳ ಆಮೇಲೆ ಮುಂದುವರಿಸೋಣ ಎಂದು ಸಿಪಾಯಿಯ ಹತ್ತಿರ ಅವಳಿಗೆ ಕುಡಿಯಲು ನೀರು ಕೇಳಿದೆ. ಅವನು ಒಂದು ಗ್ಲಾಸು ತಂದುಕೊಟ್ಟ. ಸೇವಂತಿ ಅದನ್ನು ಹಣೆಗಿಂತ ಮೇಲಕ್ಕೆ ಎತ್ತಿ, ತಲೆ ಹಿಂದಕ್ಕೆ ವಾಲಿಸಿ, ಅಪ್ಪನ ಹಾಗೆಯೇ, ಒಂದು ಹನಿ ಚೆಲ್ಲದೆ ಕುಡಿದಳು.

ಡಾಕ್ಟರರ ಪೆನ್ನು ನಿಂತಿತು. "ಔರ್ ಏಕ್ ಗ್ಲಾಸ್ ಲಾವೋ," ಎಂದರು ಸಿಪಾಯಿಗೆ. ಈ ಸಲ ಅವರು ಎದ್ದು ಬಂದು ಅವಳ ಪಕ್ಕದಲ್ಲಿ ಬಗ್ಗಿ ನಿಂತು ನೋಡಿದರು. ನಾನೂ ನೋಡಿದೆ. ಬಾಯಿ ತೆರೆದಿದೆ, ಹಲ್ಲುಗಳು ದೂರ ದೂರ ಇವೆ, ಪ್ರತಿ ಗುಟುಕಿಗೂ ನಾಲಿಗೆ ಮುಂದೆ ಬಂದು ಧಾರೆಯನ್ನು ತಡೆದು ಹಲ್ಲಿಗೆ ಒತ್ತಿ ನುಂಗುತ್ತಿದೆ. ಇಷ್ಟು ವರ್ಷ ಎದುರಿಗೇ ಕಂಡದ್ದು ಅವತ್ತು ಕಣ್ಣಿಗೆ ಬಿತ್ತು.

ಮನೆಯಲ್ಲೂ ಹೀಗೆಯೇ ಕುಡಿಯುವುದಾ ಎಂದು ಕೇಳಿದರು. ಹೌದು ಎಂದಳು. ಚಹಾ? ಅದೂ ಆರಿಸಿಕೊಂಡು ಹೀಗೆಯೇ. ಹುಟ್ಟಿದಾಗಿನಿಂದ? ಹೌದು. ಡಾಕ್ಟರರು ಕುರ್ಚಿಯಲ್ಲಿ ಕೂತು, ಬರೆಯುತ್ತಿದ್ದ ಕಾಗದವನ್ನು ಬದಿಗೆ ಸರಿಸಿದರು. ನಾನು ಇವಳ ನುಂಗುವಿಕೆಯನ್ನು ಪರೀಕ್ಷೆ ಮಾಡಿದ್ದೆಲ್ಲ ಬಾಯಿ ಮುಕ್ಕಳಿಸುವ ಕಪ್ಪನ್ನು ನಾನೇ ತುಟಿಗೆ ಹಿಡಿದು ಕೊಟ್ಟ ಒಂದೊಂದು ಗುಟುಕಿನಲ್ಲಿ, ಎಂದರು. ಎಲ್ಲ ತಪ್ಪೂ ನೀರಿನದೇ ಎನ್ನಲಾರೆ, ಆದರೆ ಪೆಪ್ಪರ್‌ಮಿಂಟಿನಿಂದ ಕಲಿತದ್ದನ್ನೆಲ್ಲ ನಾಲಿಗೆ ಪ್ರತಿ ಲೋಟದಲ್ಲೂ ಮರೆಯುತ್ತಿದೆ. ಇವತ್ತಿನಿಂದ ತುಟಿ ಹಚ್ಚಿ, ಸಣ್ಣ ಸಣ್ಣ ಗುಟುಕಾಗಿ, ಪ್ರತಿ ಗುಟುಕಿಗೂ ಹಲ್ಲು ಮುಚ್ಚಿ ಕುಡಿಯಬೇಕು. ಆಮೇಲೆ ಸೇವಂತಿಯ ಕಡೆ ತಿರುಗಿ, ನಿನ್ನನ್ನು ಸುಳ್ಳಿ ಎಂದೆನಲ್ಲ, ಮನಸ್ಸಿಗೆ ಹಚ್ಚಿಕೊಳ್ಳಬೇಡ ಮಗಳೇ, ಎಂದರು. ನನ್ನ ಸಿಟ್ಟು ಅಲ್ಲಿಗೇ ಇಳಿಯಿತು.

ಬರುವಾಗ ನನಗೆ ಕುಣಿಯುವಷ್ಟು ಸಂತೋಷ. ಮದ್ದಿಲ್ಲ, ತಂತಿಯಿಲ್ಲ, ಲೋಟಕ್ಕೆ ತುಟಿ ಹಚ್ಚಿದರೆ ಮುಗಿಯಿತು. ಆದರೆ ಸೇವಂತಿ ಲೋಕಲಿನ ಕಿಟಕಿಯಿಂದ ಹೊರಗೆ ನೋಡುತ್ತಾ ಕೂತಿದ್ದಳು. "ಅಪ್ಪ ಬಿಡ್ಲಿಕ್ಕಿಲ್ಲ ಅಕ್ಕ," ಎಂದಳು. ಹುಚ್ಚಿ ಎಂದು ಬೈದೆ.

ಹುಚ್ಚಿ ನಾನೇ. ಆ ಸಂಜೆ ಕೊರಗಪ್ಪ ಎಲ್ಲವನ್ನೂ ಕೇಳಿ, "ಶರಣಕ್ಕ, ಬೇರೆ ಎಂತ ಬೇಕಾದ್ರೂ ಹೇಳಿ, ಮಾಡ್ತೇನೆ. ಇದೊಂದು ಆಗ್ಲಿಕ್ಕಿಲ್ಲ," ಎಂದ.

"ಯಾಕಾಗಂಗಿಲ್ಲ?" ನಾನು ಏರಿಹೋದೆ. "ನಿಮ್ಮ ಮನಿ, ನಿಮ್ಮ ಗ್ಲಾಸ. ಯಾರ ಬಂದು ಕೇಳ್ತಾರ? ಮಗಳ ಬಾಯಿಗಿಂತ ನಿಮ್ಮ ಮಡಿ ದೊಡ್ಡದಾತೇನ್ರಿ?"

"ಮಡಿ ಅಲ್ಲ ಅಕ್ಕ. ನಮಗೆ ಎಂತ ಮಡಿ." ಅವನು ನಕ್ಕ, ಆ ನಗು ನನಗೆ ಹಿಡಿಸಲಿಲ್ಲ. "ನಾನು ಸಣ್ಣದಿರುವಾಗ ಅಪ್ಪನ ಒಟ್ಟಿಗೆ ಊರಲ್ಲಿ ದೊಡ್ಡ ಮನೆಗೆ ಕೆಲಸಕ್ಕೆ ಹೋಗ್ತಿದ್ದೆ. ಬಾಯಿ ಆಸರಾದ್ರೆ ನೀರಿಗೆ ಅಂಗಳದಲ್ಲಿ ಕೈ ಒಡ್ಡಿ ಕೂತ್ಕೊಳ್ಬೇಕು. ಮೇಲಿಂದ ಹೊಯ್ತಿದ್ರು. ಅರ್ಧ ನೀರು ಮೊಣಕೈಯಲ್ಲಿ ಇಳಿದು ಹೋಗ್ತದೆ. ಇನ್ನೂ ಬೇಕು ಅಂತ ಕೇಳ್ಲಿಕ್ಕೆ ನಾಚಿಕೆ. ಪಾತ್ರೆ ಮುಟ್ಟುವ ಹಾಗಿಲ್ಲ, ಗೊತ್ತುಂಟಾ."

ಮೋಹಿನಿ ಒಲೆಯ ಕಡೆ ಮುಖ ಮಾಡಿ ಕೂತಳು.

"ಬೊಂಬಾಯಿಗೆ ಬಂದ ದಿನ ಹೋಟೆಲಿನಲ್ಲಿ ಗ್ಲಾಸನ್ನು ನನ್ನ ಕೈಗೇ ಕೊಟ್ರು. ತುಟಿ ತಾಗಿಸ್ಲಿಲ್ಲ, ಎತ್ತಿ ಕುಡಿದೆ. ಇವನ ಎಂಜಲು ಗ್ಲಾಸಿಗೆ ತಾಗಿತು ಅಂತ ನಾಳೆ ಒಬ್ಬ ಹೇಳಿದ್ರೆ? ಊರಿನವರು ಅಲ್ಲಿಗೆ ತಿಂಡಿಗೆ ಬರ್ತಾರೆ, ನನ್ನ ಗುರ್ತ ಉಂಟು ಅವರಿಗೆ. ಗಿರಾಕಿಗಳು ಬೇಕಾದ ಹಾಗೆ ಕುಡಿಯಬಹುದು ಅಕ್ಕ, ಅವರಿಗೆ ಯಾರೂ ಎಂತದೂ ಹೇಳುವುದಿಲ್ಲ. ನಾನು ಹಾಗೆ ಕುಡಿಯುವ ಹಾಗಿಲ್ಲ. ಇಷ್ಟು ವರ್ಷದಲ್ಲಿ ನನಗೆ ಅಂತ ಬೇರೆ ಗ್ಲಾಸ್ ಯಾರೂ ಇಡ್ಲಿಲ್ಲ. ನಾನು ಸಂಪಾದನೆ ಮಾಡಿದ್ದು ಅದೊಂದೇ." ಮಗಳ ಕಡೆ ನೋಡಿದ. "ಇವಳು ಟೀಚರಾಗಬೇಕು ಅಂತಾಳೆ. ಶಾಲೆಯಲ್ಲಿ ಟೀಚರ್‌ಗಳಿಗೆಲ್ಲ ಒಂದು ಮಡಕೆ, ಒಂದು ಗ್ಲಾಸ್. ಇವಳು ತುಟಿ ತಾಗಿಸಿದ್ರೆ ಮರುದಿನ ಇವಳಿಗೆ ಬೇರೆ ಗ್ಲಾಸ್ ಬರ್ತದೆ. ಹಲ್ಲು ನೆಟ್ಟಗಾಗಿ ಎಂತ ಮಾಡುವುದು ಆಮೇಲೆ?"

ಇಷ್ಟು ವರ್ಷ ಪಕ್ಕದಲ್ಲಿದ್ದು, ನಾನು ಶಿಸ್ತು ಎಂದು ನಕ್ಕದ್ದು ಇದಕ್ಕೆ. ಮಾತಾಡಿದವಳು ಸೇವಂತಿ. ಎಡಗೈ ಬಾಯಿಯ ಮುಂದೆಯೇ ಇತ್ತು, ಮಾತು ತಡೆತಡೆದು ಬಂತು.

"ಆ ಅಂಗಳ ನಾನು ನೋಡ್ಲೇ ಇಲ್ಲ ಅಪ್ಪ. ನನ್ನನ್ನು ದಿನಾ ಅಲ್ಲೇ ಯಾಕೆ ಕೂರಿಸ್ತೀರಿ?"

ಕೊರಗಪ್ಪ ಎದ್ದು ಗ್ಯಾಲರಿಗೆ ಹೋದ. ಬಹಳ ಹೊತ್ತು ಕಟಕಟೆ ಹಿಡಿದು ನಿಂತಿದ್ದ. ಒಳಗೆ ಬಂದಾಗ ಅವಳ ಮುಖ ನೋಡದೆ ನನಗೆ ಹೇಳಿದ: "ನನ್ನ ಕಣ್ಣೆದುರು ಬೇಡ. ನಿಮ್ಮಲ್ಲಿ ಕುಡಿಯಲಿ. ನಿಮಗೆ ಅಡ್ಡಿ ಇಲ್ಲದಿದ್ರೆ."

ಹೀಗೆ ನಮ್ಮ ಖೋಲಿ ಆ ಬೇಸಿಗೆಯಲ್ಲಿ ಅರವಟಿಗೆಯಾಯಿತು. ಬಾಯಾರಿದಾಗಲೆಲ್ಲ ಸೇವಂತಿ ಪ್ಲೇಟಿನ ಭರಣಿ ಹಿಡಿದು ನಮ್ಮ ಬಾಗಿಲಿಗೆ ಬರುತ್ತಿದ್ದಳು. ಚಹಾ ನಮ್ಮಲ್ಲೇ, ಊಟದ ನಡುವಿನ ನೀರೂ ನಮ್ಮಲ್ಲೇ. ತುತ್ತು ಅಲ್ಲಿ, ಗುಟುಕು ಇಲ್ಲಿ. ನನ್ನ ಯಜಮಾನರು, ಹುಡುಗಿಗೆ ಕಾಲು ನೋವು ಬಂದೀತು, ನಡುವೆ ಒಂದು ಕೊಳವೆ ಹಾಕಿಸೋಣ, ಎಂದು ತಮಾಷೆ ಮಾಡುತ್ತಿದ್ದರು.

ನಮ್ಮ ಮನೆಯ ಲೋಟಗಳಲ್ಲಿ ಕೈಗೆ ಸಿಕ್ಕಿದ್ದರಲ್ಲಿ ಕೊಟ್ಟೆ. ಮೊದಲ ದಿನ ಅವಳಿಗೆ ತುಟಿ ಹಚ್ಚಿ ಕುಡಿಯಲು ಬರಲೇ ಇಲ್ಲ. ಲೋಟದ ಅಂಚನ್ನು ಎಷ್ಟು ಓರೆ ಮಾಡಬೇಕೆಂದು ತಿಳಿಯದೆ ಗದ್ದ, ಕುತ್ತಿಗೆ, ರವಿಕೆ ಎಲ್ಲ ತೋಯಿಸಿಕೊಂಡಳು. ಎಳೆಗೂಸಿಗೆ ಕಲಿಸಿದ ಹಾಗೆ ಕಲಿಸಿದೆ. ಕುಡಿದಾದ ಮೇಲೆ ಲೋಟವನ್ನು ನಾನು ಗ್ಯಾಲರಿಯ ಮೋರಿಕಟ್ಟೆಯಲ್ಲಿ ತೊಳೆದು, ನಮ್ಮ ಉಳಿದ ಲೋಟಗಳ ಸಾಲಿನಲ್ಲೇ ಬೋರಲು ಹಾಕುತ್ತಿದ್ದೆ. ಕೊರಗಪ್ಪ ಡ್ಯೂಟಿಗೆ ಹೋಗುವ ಮೊದಲು ನಮ್ಮ ಬಾಗಿಲ ಮುಂದೆ ನಿಂತು ಆ ಸಾಲನ್ನೇ ನೋಡುತ್ತಿದ್ದ. ನೋಡಲಿ ಎಂದೇ ಬಾಗಿಲು ಪೂರ್ತಿ ತೆರೆದಿಡುತ್ತಿದ್ದೆ. ನನ್ನ ಯಜಮಾನರು ಬಂದು ಅದೇ ಸಾಲಿನಿಂದ ಒಂದು ಎತ್ತಿಕೊಂಡು, ಅವಳು ಕುಡಿದದ್ದು ಯಾವುದು ಎಂಬ ಗೊಡವೆಯಿಲ್ಲದೆ, ನೀರು ಕುಡಿಯುತ್ತಿದ್ದರು. ಅದನ್ನೂ ಅವನು ನೋಡುತ್ತಿದ್ದ.

ಹಲ್ಲು ಒಮ್ಮೆಲೇ ಹಿಂದೆ ಬರಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುವುದು ನಾಲಿಗೆಯನ್ನು ನೋಡಿಯೇ ಇರಬೇಕು. ಆದರೆ ಸಂದು ಹೆಚ್ಚುವುದು ನಿಂತಿತು. ಡಾಕ್ಟರರು ಪ್ಲೇಟಿನ ತಂತಿಯನ್ನು ಸ್ವಲ್ಪ ಬಿಗಿ ಮಾಡಿದರು. ಮತ್ತೆ ಪೆಪ್ಪರ್‌ಮಿಂಟು, ಮತ್ತೆ ವಾರಪತ್ರಿಕೆ, ಓದುವಾಗ ಕೈ ತೊಡೆಯ ಮೇಲೆ. ಬಾಯಿಗೆ ಕೈ ಹೋದರೆ ನಾನು ಬೀಸಣಿಗೆಯಿಂದ ಹೊಡೆಯುತ್ತಿದ್ದೆ. ಜೂನ್ ಬಂದಾಗ ಒಂದು ಬೆಳಿಗ್ಗೆ ಅವಳು ರಿಬ್ಬನ್ ಕಚ್ಚಿಕೊಂಡು ಬಂದು ತುದಿಯನ್ನು ನನ್ನ ಕೈಗೆ ಕೊಟ್ಟಳು. ಎಳೆದೆ. ಮೆಲ್ಲಗೆ ಜಾರಿತು, ಆದರೆ ಮೊದಲು ಸ್ವಲ್ಪ ಹಿಡಿಯಿತು.

"ಇಷ್ಟ ಸಾಕು," ಎಂದೆ. "ಇಷ್ಟರಾಗ ಓದಿ ಬಾ."

ಸಂದರ್ಶನದಲ್ಲಿ ಅದೇ ಟೀಚರಮ್ಮ ಇದ್ದರಂತೆ. ಈ ಸಲ ಒಂದು ಪುಟ ಮುಗಿದ ಮೇಲೆ ಇನ್ನೊಂದು ಓದಿಸಿದರಂತೆ. ಒಂದೆರಡು ಕಡೆ ನಾಲಿಗೆ ಮುಂದೆ ಬಂತು, ನಿಲ್ಲಿಸಿ ಸರಿ ಮಾಡಿಕೊಂಡು ಓದಿದೆ ಅಕ್ಕ, ಎಂದಳು. ಆಯ್ಕೆಯಾದವರ ಹೆಸರು ಹಚ್ಚುವ ದಿನ ನಾನೂ ಜೊತೆಗೆ ಹೋದೆ. ಬೋರ್ಡಿನಲ್ಲಿ ಅವಳ ಹೆಸರಿತ್ತು. ಅವಳು ಅದರ ಮೇಲೆ ಬೆರಳಿಟ್ಟು ನಿಂತುಬಿಟ್ಟಳು, ಹಿಂದಿನವರು ಸರಿಯಮ್ಮ ಎನ್ನುವವರೆಗೆ.

ಅಪ್ಪನಿಗೆ ಈಗಲೇ ಹೇಳಬೇಕು ಎಂದಳು. ಬಸ್ಸು ಹಿಡಿದು ದಾದರಿಗೆ ಹೋದೆವು. ಮಧ್ಯಾಹ್ನದ ತಿಂಡಿಯ ಹೊತ್ತು, ಹೋಟೆಲು ತುಂಬಿತ್ತು. ದುಡ್ಡಿನ ಗಲ್ಲೆಯ ಹಿಂದೆ ಮಾಲೀಕರು ಕೂತಿದ್ದರು. ಕೊರಗಪ್ಪ ನಮ್ಮನ್ನು ಕಂಡು ಗಾಬರಿಯಾಗಿ ಬಂದ. ಮಗಳು, "ಆಯ್ತು ಅಪ್ಪ, ಸೆಲೆಕ್ಟ್ ಆಯ್ತು," ಎಂದಳು. ಅವನಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಸಪ್ಲಾಯರನಿಗೆ ತಿಳಿದದ್ದನ್ನೇ ಮಾಡಿದ. ಗೋಡೆಯ ಬದಿಯ ಟೇಬಲ್ ಒರೆಸಿ ನಮ್ಮನ್ನು ಕೂರಿಸಿ, ಎರಡು ಲೋಟ ನೀರು ತಂದಿಟ್ಟ.

ಅವಸರದಲ್ಲಿ ಬಂದಿದ್ದೆವು, ಬಾಯಾರಿತ್ತು. ಸೇವಂತಿ ಲೋಟ ಎತ್ತಿಕೊಂಡಳು. ಆಗ ನನಗೆ ಹೊಳೆಯಿತು, ಇದು ನಮ್ಮ ಖೋಲಿಯಲ್ಲ, ಅವನ ಹೋಟೆಲು. ಪಕ್ಕದ ಟೇಬಲಿನಲ್ಲಿ ಅವನ ಊರಿನ ಮಾತಾಡುವ ಇಬ್ಬರು ಹಿರಿಯರು ಕೂತಿದ್ದರು. ಅವರಲ್ಲೊಬ್ಬರು, "ನಿನ್ನ ಮಗಳಾ ಕೊರಗಪ್ಪ?" ಎಂದು ಆಗಷ್ಟೇ ಕೇಳಿದ್ದರು. ಸೇವಂತಿಗೂ ಅದು ಹೊಳೆದಿರಬೇಕು. ಲೋಟ ಅರ್ಧ ದಾರಿಯಲ್ಲಿ ನಿಂತಿತು. ಅವಳು ಅಪ್ಪನನ್ನು ನೋಡಿದಳು. ಅವನು ಬೇಡ ಎನ್ನಲಿಲ್ಲ, ಹೂಂ ಎನ್ನಲೂ ಇಲ್ಲ, ಹೆಗಲ ಮೇಲಿನ ಬಟ್ಟೆಯನ್ನು ಬಿಗಿಯಾಗಿ ಹಿಡಿದು ನಿಂತಿದ್ದ. ಅವಳು ಲೋಟಕ್ಕೆ ತುಟಿ ಹಚ್ಚಿದಳು. ಡಾಕ್ಟರರು ಹೇಳಿದ ಹಾಗೆ ಸಣ್ಣ ಸಣ್ಣ ಗುಟುಕಾಗಿ, ಪ್ರತಿ ಗುಟುಕಿಗೂ ಹಲ್ಲು ಮುಚ್ಚಿ, ಪೂರ್ತಿ ಕುಡಿದು ಕೆಳಗಿಟ್ಟಳು.

ಪಕ್ಕದ ಟೇಬಲಿನ ಹಿರಿಯರು ಆ ಲೋಟವನ್ನು ನೋಡಿದರು. ನಾನು ಅವರನ್ನು ನೋಡಿದೆ. ಒಂದು ಮಾತು ಬಂದರೆ ಸಾಕು, ಜಗಳಕ್ಕೆ ಸೆರಗು ಕಟ್ಟಿಯೇ ಕೂತಿದ್ದೆ.

ಕೊರಗಪ್ಪ ಕೈ ಚಾಚಿ ಲೋಟ ತೆಗೆದುಕೊಂಡ. ತೊಳೆಯುವ ತೊಟ್ಟಿಗೆ ಒಯ್ಯುತ್ತಾನೆ ಎಂದುಕೊಂಡೆ. ಒಯ್ಯಲಿಲ್ಲ. ನಮ್ಮ ಟೇಬಲಿನ ಮೇಲಿದ್ದ ಜಗ್ಗಿನಿಂದ ಅದೇ ಲೋಟಕ್ಕೆ ನೀರು ಬಗ್ಗಿಸಿದ. ಮಾಲೀಕರು ನೋಡುತ್ತಿದ್ದರು, ಊರಿನವರು ನೋಡುತ್ತಿದ್ದರು. ಅವನು ಲೋಟವನ್ನು ಹಣೆಯವರೆಗೆ ಎತ್ತಿದ, ರೂಢಿ ಅದು. ಆಮೇಲೆ ನಿಧಾನವಾಗಿ ಕೆಳಗಿಳಿಸಿ, ಮಗಳು ತುಟಿ ಹಚ್ಚಿದ ಅಂಚಿಗೇ ತನ್ನ ತುಟಿ ಹಚ್ಚಿ ಕುಡಿದ.

ಅವನಿಗೆ ಹಾಗೆ ಕುಡಿಯಲು ಬರುತ್ತಿರಲಿಲ್ಲ. ಲೋಟವನ್ನು ಹೆಚ್ಚು ಓರೆ ಮಾಡಿಬಿಟ್ಟ. ನೀರು ಎರಡೂ ಕಡೆಯಿಂದ ಸೋರಿ, ಗದ್ದದಿಂದ ಇಳಿದು, ಬಿಳಿ ಅಂಗಿಯ ಎದೆಯೆಲ್ಲ ತೋಯ್ದುಹೋಯಿತು. ಆದರೂ ಮುಗಿಯುವವರೆಗೆ ತೆಗೆಯಲಿಲ್ಲ.

"ಕೊರಗಪ್ಪ, ಆ ಮೂಲೆಯ ಟೇಬಲಿಗೆ ಯಾರೂ ಹೋಗಿಲ್ಲ," ಎಂದರು ಮಾಲೀಕರು ಗಲ್ಲೆಯಿಂದ, ದಿನವೂ ಹೇಳುವ ದನಿಯಲ್ಲೇ.

"ಹೋದೆ," ಎಂದ ಕೊರಗಪ್ಪ. ಲೋಟವನ್ನು ಮಗಳ ಮುಂದಿಟ್ಟು, ಒದ್ದೆ ಅಂಗಿಯಲ್ಲೇ ಆ ಟೇಬಲಿಗೆ ನಡೆದ.

ಅಷ್ಟು ವರ್ಷ ಒಂದು ಹನಿ ಚೆಲ್ಲದ ಮನುಷ್ಯನ ಆ ಅವತಾರ ನೋಡಿ ಸೇವಂತಿಗೆ ನಗು ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರಿತ್ತು, ಆದರೂ ನಕ್ಕಳು. ಹೋಟೆಲಿನವರೆಲ್ಲ ತಿರುಗಿ ನೋಡಿದರು. ಎರಡೂ ಕೈಗಳು ಟೇಬಲಿನ ಮೇಲೆ ಆ ಲೋಟವನ್ನು ಹಿಡಿದುಕೊಂಡಿದ್ದವು.